‘ಸರ್ವರ್ ಇಲ್ಲ’ ಅಂದ್ರೆ ಸುಮ್ಮನೆ ವಾಪಸ್ ಬರಬೇಡಿ: ಸರ್ಕಾರಿ ಆನ್‌ಲೈನ್ ಸೇವೆಗಳ ಹಿಂದಿನ ನೀತಿ, ಕಾನೂನು, ನಿಮ್ಮ ಹಕ್ಕು – ಇಲ್ಲಿದೆ ಪೂರ್ತಿ ಮಾಹಿತಿ

ಜಾತಿ-ಆದಾಯ ಪ್ರಮಾಣಪತ್ರ, ಪಹಣಿ, ಮನೆಯ ಇ-ಸ್ವತ್ತು, ಜನನ ಪತ್ರ, ಅಂಗಡಿ ಲೈಸೆನ್ಸ್ – ಈಗ ಯಾವ ಕೆಲಸಕ್ಕೆ ಹೋದ್ರೂ ಮೊದಲು ಕಂಪ್ಯೂಟರ್ ಮುಂದೆ ನಿಲ್ಲಬೇಕು. ಆದ್ರೆ ಐದು ನಿಮಿಷದ ಕೆಲಸ. ಆಗದಿದ್ರೆ ಎಲ್ಲ ಕೌಂಟರ್‌ನಲ್ಲೂ ಒಂದೇ ಉತ್ತರ: “ಸರ್ವರ್ ಇಲ್ಲ, ನಾಳೆ ಬನ್ನಿ.”

ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಹಾಕಿಕೊಂಡು ಹಳ್ಳಿಯಿಂದ ಬಂದವರಿಗೆ ಈ ಮಾತು ಎಷ್ಟು ದುಬಾರಿ ಅಂತ ಬಿಡಿಸಿ ಹೇಳಬೇಕಿಲ್ಲ. ಮಗಳ ಸ್ಕಾಲರ್‌ಶಿಪ್ ಅರ್ಜಿಗೆ ಅವತ್ತೇ ಕೊನೆ ದಿನ ಆಗಿದ್ರೆ ಹೋಗೋದು ಬರೀ ಒಂದು ದಿನ ಅಲ್ಲ, ಒಂದು ವರ್ಷ.

ಈ ಕಂಪ್ಯೂಟರ್ ವ್ಯವಸ್ಥೆ ಎಲ್ಲಿಂದ ಬಂತು, ಇದರ ಹಿಂದೆ ಯಾವ ನೀತಿ, ಯಾವ ಕಾಯ್ದೆ ಇದೆ, ಅದರಲ್ಲಿ ನಮಗೆ ಇರುವ ಹಕ್ಕೇನು, ಇಲ್ಲದ್ದೇನು – ತಾಲ್ಲೂಕಿನ ಜನ ಮತ್ತು ಅಂಗಡಿ ಮಾಲೀಕರಿಗೆ ಬೇಕಾದಷ್ಟನ್ನು ಒಂದೇ ಕಡೆ ಕೊಡುತ್ತಿದ್ದೇವೆ. ಸೇವ್ ಮಾಡಿ ಇಟ್ಟುಕೊಳ್ಳಿ, ಬೇಕಾದವರಿಗೆ ಕಳಿಸಿ.

ಅರ್ಜೆಂಟ್ ಇರುವವರಿಗೆ ನಾಲ್ಕು ಮಾತು

- ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಪತ್ರ, ಅದರಲ್ಲಿ ಸಕಾಲ ಸಂಖ್ಯೆ ಇಲ್ಲದೆ ಕೌಂಟರ್ ಬಿಡಬೇಡಿ.
- ಅರ್ಜಿ ಕಂಪ್ಯೂಟರ್‌ಗೆ ಹತ್ತದಿದ್ರೆ ಬಿಳಿ ಹಾಳೆಯಲ್ಲಿ ಬರೆದು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳಿ.
- ಅರ್ಜಿ ಆಗಲ್ಲ ಅಂದ್ರೆ ಬಾಯಿ ಮಾತಿಗೆ ಒಪ್ಪಬೇಡಿ, ಕಾರಣ ಬರೆದ ಹಿಂಬರಹ ಕೇಳಿ.
- ದೂರು ಕೊಡೋಕೆ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902.

ಈಗ ವಿವರ.

ಎಲ್ಲ ಶುರುವಾದದ್ದು ಪಹಣಿಯಿಂದ

ಸರ್ಕಾರಿ ಕೆಲಸಕ್ಕೆ ಕಂಪ್ಯೂಟರ್ ಬಳಸೋದ್ರಲ್ಲಿ ಕರ್ನಾಟಕದ ಹೆಸರು ದೇಶದಲ್ಲಿ ಮೊದಲು ಕೇಳಿಬಂದದ್ದು ‘ಭೂಮಿ’ ಯೋಜನೆಯಿಂದ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದ ಕಾಲ. ಅದಕ್ಕೂ ಮೊದಲು ಪಹಣಿ ಪುಸ್ತಕ ಇರುತ್ತಿದ್ದದ್ದು ಗ್ರಾಮ ಲೆಕ್ಕಿಗರ ಕೈಯಲ್ಲಿ. ಅವರು ಸಿಕ್ಕರೆ ಪಹಣಿ, ಬರೆದುಕೊಟ್ಟರೆ ನಕಲು. ರಾಜ್ಯದಲ್ಲಿ ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರು ಈ ದಾಖಲೆ ನೋಡಿಕೊಳ್ಳುತ್ತಿದ್ದರು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಹಾಕಿದ್ದು ಈ ಯೋಜನೆಯಲ್ಲೇ. ಆಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಆಯ್ತು. ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ 15 ರೂಪಾಯಿ ಕೊಟ್ಟು ಯಾರು ಬೇಕಾದ್ರೂ ಪಹಣಿ ತಗೊಳ್ಳುವ ಹಾಗಾಯ್ತು.

ಭೂಮಿಯಲ್ಲಿ ಮೂರು ಒಳ್ಳೆಯ ಯೋಚನೆ ಇತ್ತು. ಒಂದು, ಕೌಂಟರ್‌ನಲ್ಲಿ ಎರಡು ಪರದೆ: ಒಂದು ಸಿಬ್ಬಂದಿ ಕಡೆಗೆ, ಇನ್ನೊಂದು ರೈತರ ಕಡೆಗೆ. ಒಳಗೆ ಏನು ಟೈಪ್ ಮಾಡ್ತಿದಾರೆ ಅಂತ ಹೊರಗೆ ನಿಂತವರಿಗೂ ಕಾಣಬೇಕು ಅನ್ನೋದು ಉದ್ದೇಶ. ಎರಡು, ಖಾತೆ ಬದಲಾವಣೆ ಅರ್ಜಿ ಬಂದ ಸರದಿಯಲ್ಲೇ ಮುಂದೆ ಹೋಗಬೇಕು, ನಡುವೆ ಒಂದನ್ನು ಎತ್ತಿ ಮೇಲೆ ಹಾಕೋಕೆ ತಂತ್ರಾಂಶವೇ ಬಿಡುತ್ತಿರಲಿಲ್ಲ. ಮೂರು, ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಯಾರು ಏನು ಮಾಡಿದ್ರು ಅನ್ನೋದು ದಾಖಲಾಗಬೇಕು.

ಆದ್ರೆ ಒಂದು ಕಷ್ಟವೂ ಬಂತು. ಊರಲ್ಲೇ ಸಿಗಬಹುದಾಗಿದ್ದ ಕಾಗದಕ್ಕೆ ತಾಲ್ಲೂಕು ಕೇಂದ್ರಕ್ಕೆ ಬರಬೇಕಾಯ್ತು. ಹಳೇ ಪುಸ್ತಕದಲ್ಲಿದ್ದ ತಪ್ಪು ಕಂಪ್ಯೂಟರ್‌ಗೂ ಹಾಗೇ ಹೋಯ್ತು. ಹೆಸರಲ್ಲಿ ಒಂದು ಅಕ್ಷರ, ವಿಸ್ತೀರ್ಣದಲ್ಲಿ ಎರಡು ಗುಂಟೆ ಹೆಚ್ಚುಕಡಿಮೆ ಆದದ್ದನ್ನು ಸರಿ ಮಾಡಿಸೋಕೆ ಇವತ್ತಿಗೂ ತಹಶೀಲ್ದಾರ್, ಎಸಿ ಕಚೇರಿಗೆ ಅಲೆಯುವವರು ಇದ್ದಾರೆ. ಕಂಪ್ಯೂಟರ್ ದಾಖಲೆಯನ್ನು ವೇಗವಾಗಿ ಕೊಡುತ್ತೆ. ದಾಖಲೆ ಸರಿ ಇದೆಯಾ ಅನ್ನೋದು ಬೇರೆ ಪ್ರಶ್ನೆ.

ದೆಹಲಿಯ ನೀತಿ: ಮೂರು ಮೆಟ್ಟಿಲು

*2000:* ಮಾಹಿತಿ ತಂತ್ರಜ್ಞಾನ ಕಾಯ್ದೆ. ಆ ವರ್ಷ ಅಕ್ಟೋಬರ್ 17ರಿಂದ ಜಾರಿಗೆ ಬಂತು. ಕಂಪ್ಯೂಟರ್‌ನಲ್ಲಿರುವ ದಾಖಲೆಗೆ ಕಾಗದದ ದಾಖಲೆಯಷ್ಟೇ ಮಾನ್ಯತೆ ಅಂತ ಇದರ 4ನೇ ಸೆಕ್ಷನ್ ಹೇಳಿತು. ಡಿಜಿಟಲ್ ಸಹಿಗೆ ಕೈಸಹಿಯ ಮಾನ್ಯತೆ ಅಂತ 5ನೇ ಸೆಕ್ಷನ್. ಇದೇ ಕಾಯ್ದೆಯ 9ನೇ ಸೆಕ್ಷನ್ ಕೂಡ ನೆನಪಿರಲಿ: ‘ನನ್ನ ಅರ್ಜಿಯನ್ನು ಆನ್‌ಲೈನ್‌ನಲ್ಲೇ ತಗೊಳ್ಳಿ’ ಅಂತ ಸರ್ಕಾರಿ ಕಚೇರಿಯನ್ನು ಒತ್ತಾಯಿಸುವ ಹಕ್ಕನ್ನು ಈ ಕಾಯ್ದೆ ಜನರಿಗೆ ಕೊಡಲ್ಲ. ಅಂದ್ರೆ ಬಾಗಿಲು ತೆಗೆದರು, ಆದ್ರೆ ತೆಗೆದೇ ಇಡಬೇಕು ಅನ್ನೋ ಕಟ್ಟುಪಾಡು ಹಾಕಲಿಲ್ಲ.

*2006:* ರಾಷ್ಟ್ರೀಯ ಇ-ಆಡಳಿತ ಯೋಜನೆ. ಮೇ 18ರಂದು ಕೇಂದ್ರ ಒಪ್ಪಿಗೆ ಕೊಟ್ಟಿತು. ಶುರುವಿನಲ್ಲಿ 27 ದೊಡ್ಡ ಯೋಜನೆಗಳಿದ್ದವು. ಸಾಮಾನ್ಯ ಜನರಿಗೆ ಅವರು ಇರುವ ಜಾಗದ ಹತ್ತಿರವೇ, ಕೈಗೆಟುಕುವ ದರದಲ್ಲಿ, ನಂಬಬಹುದಾದ ರೀತಿಯಲ್ಲಿ ಸರ್ಕಾರಿ ಸೇವೆ ಸಿಗಬೇಕು ಅನ್ನೋದು ಇದರ ಗುರಿ. ಸಿಎಸ್‌ಸಿ ಬೋರ್ಡ್ ಹಾಕಿಕೊಂಡಿರುವ ಸೇವಾ ಕೇಂದ್ರಗಳು ಬಂದದ್ದು ಈ ಯೋಜನೆಯಿಂದಲೇ.

*2015:* ಡಿಜಿಟಲ್ ಇಂಡಿಯಾ. ಜುಲೈ 1ರಂದು ಶುರು. ಡಿಜಿಲಾಕರ್ ಬಂದದ್ದೂ ಅದೇ ವರ್ಷ.

ಇವುಗಳ ನಡುವೆ ಒಂದು ಮೆಟ್ಟಿಲು ತಪ್ಪಿಹೋಗಿದೆ. ಸರ್ಕಾರಿ ಸೇವೆಗಳನ್ನು ಇಂತಿಷ್ಟು ವರ್ಷದೊಳಗೆ ಎಲೆಕ್ಟ್ರಾನಿಕ್ ರೂಪದಲ್ಲಿ ಕೊಡಲೇಬೇಕು ಅನ್ನುವ ಮಸೂದೆಯೊಂದು 2011ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದಿತ್ತು. ಅದು ಕಾಯ್ದೆ ಆಗದೆ ಆ ಲೋಕಸಭೆಯ ಅವಧಿಯ ಜೊತೆಗೇ ಬಿದ್ದುಹೋಯ್ತು. ಹಾಗಾಗಿ ಕೇಂದ್ರದ ಮಟ್ಟದಲ್ಲಿ ಯೋಜನೆಗಳು ಬಂದವು, ‘ಕೊಡಲೇಬೇಕು’ ಅನ್ನುವ ಕಾಯ್ದೆ ಬರಲಿಲ್ಲ. ಆ ಕೆಲಸವನ್ನು ರಾಜ್ಯಗಳು ತಮ್ಮ ತಮ್ಮ ಕಾಯ್ದೆಯಿಂದ ಮಾಡಿಕೊಂಡವು. 2010ರಲ್ಲಿ ಮಧ್ಯಪ್ರದೇಶ ಮೊದಲು ಮಾಡಿತು. ನಮ್ಮಲ್ಲಿ ಬಂದದ್ದು ಸಕಾಲ.

ತಾಲ್ಲೂಕಿನಿಂದ ಹೋಬಳಿಗೆ, ಹೋಬಳಿಯಿಂದ ಊರಿಗೆ

ಸಕಾಲಕ್ಕೆ ಹೋಗೋ ಮೊದಲು ಕೌಂಟರ್‌ಗಳು ನಮ್ಮ ಹತ್ತಿರ ಬಂದ ದಾರಿ ನೋಡೋಣ.

2006ರಲ್ಲಿ ಹೋಬಳಿ ಮಟ್ಟದಲ್ಲಿ ‘ನೆಮ್ಮದಿ’ ಕೇಂದ್ರಗಳು ಶುರುವಾದವು, ರಾಜ್ಯದಲ್ಲಿ ಸುಮಾರು 800. ಇವನ್ನು ನಡೆಸಿದ್ದು ಖಾಸಗಿ ಸಂಸ್ಥೆಗಳ ಸಹಭಾಗಿತ್ವದಲ್ಲಿ. 2012ರಲ್ಲಿ ಈ ಕೆಲಸ ಸರ್ಕಾರದ ಕೈಗೇ ಬಂದು ‘ಅಟಲ್‌ಜೀ ಜನಸ್ನೇಹಿ ಕೇಂದ್ರ’ ಆಯ್ತು. ನಾವೆಲ್ಲ ಬಾಯಲ್ಲಿ ನಾಡಕಚೇರಿ ಅಂತ ಕರೆಯೋದು ಇದನ್ನೇ. ಉಪ ತಹಶೀಲ್ದಾರ್ ಡಿಜಿಟಲ್ ಸಹಿ ಹಾಕುವ ಜಾತಿ, ಆದಾಯ, ವಾಸಸ್ಥಳ ಪ್ರಮಾಣಪತ್ರ, ಪಿಂಚಣಿ ಅರ್ಜಿ – ಎಲ್ಲ ಇಲ್ಲೇ.

ಆಮೇಲೆ ಬಂದದ್ದು ‘ಸೇವಾ ಸಿಂಧು’: ಬೇರೆ ಬೇರೆ ಇಲಾಖೆಯ ಅರ್ಜಿಗಳಿಗೆ ಒಂದೇ ಜಾಲತಾಣ. 2022ರ ಜನವರಿ 26ರಂದು ‘ಗ್ರಾಮ ಒನ್’ ಶುರುವಾಗಿ ಕೌಂಟರ್ ಪಂಚಾಯಿತಿ ಮಟ್ಟಕ್ಕೆ ಇಳಿಯಿತು. ಗ್ರಾಮ ಒನ್ ನಡೆಸೋರು ಸರ್ಕಾರಿ ನೌಕರರಲ್ಲ, ಸರ್ಕಾರ ಆಯ್ಕೆ ಮಾಡಿದ ಖಾಸಗಿ ನಿರ್ವಾಹಕರು. ಅವರ ದುಡಿಮೆ ಅರ್ಜಿಯ ಸೇವಾ ಶುಲ್ಕದಿಂದ. ಅದಕ್ಕೇ ಅಲ್ಲಿ ರಶೀದಿ ಕೇಳೋದು ತಪ್ಪಲ್ಲ, ಕೇಳಬೇಕು. ಯಾವ ಸೇವೆಗೆ ಎಷ್ಟು ಅಂತ ದರಪಟ್ಟಿ ಇದೆಯಾ ನೋಡಿ. ರಶೀದಿಯಲ್ಲಿರುವ ಮೊತ್ತಕ್ಕಿಂತ ಹೆಚ್ಚು ಕೇಳಿದ್ರೆ ಅದು ದೂರು ಕೊಡುವ ವಿಷಯ.

ಈ ವ್ಯವಸ್ಥೆಗೆ ದೊಡ್ಡ ಪರೀಕ್ಷೆ ಆದದ್ದು 2023ರಲ್ಲಿ. ಜೂನ್‌ನಲ್ಲಿ ಗೃಹಜ್ಯೋತಿ, ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ. ರಾಜ್ಯದ ಹೆಚ್ಚುಕಡಿಮೆ ಎಲ್ಲ ಮನೆಗಳೂ ಒಂದೇ ಸಲ ಸೇವಾ ಸಿಂಧು ಬಾಗಿಲಿಗೆ ಬಂದವು. ಸರ್ವರ್ ನಿಂತಿತು, ಸಾಲು ಬೆಳೆಯಿತು. ತಿಂಗಳಿಗೆ 2,000 ರೂಪಾಯಿಯ ಯೋಜನೆಗೆ ಹೆಸರು ಬರೆಸೋಕೆ ಹೆಣ್ಣುಮಕ್ಕಳು ಬೆಳಗಿನ ಜಾವದಿಂದ ಸಾಲು ನಿಂತರು. ಅರ್ಜಿಗೆ ಹಣ ಕೊಡಬೇಕಿಲ್ಲ ಅಂತ ಸರ್ಕಾರ ಹೇಳಿದ್ದರೂ ಹಲವು ಕಡೆ ಹಣ ಪಡೆದ ದೂರು ಬಂತು. ಯೋಜನೆ ಘೋಷಿಸೋದು ಒಂದು, ಅದರ ಭಾರ ತಡೆಯುವ ಯಂತ್ರ ಕಟ್ಟೋದು ಇನ್ನೊಂದು ಅಂತ ಆಗ ಎಲ್ಲರಿಗೂ ಗೊತ್ತಾಯ್ತು.

ಯಾವ ಕೆಲಸಕ್ಕೆ ಯಾವ ಹೆಸರು? ಚಿಕ್ಕ ಪಟ್ಟಿ

ಕೌಂಟರ್‌ನಲ್ಲಿ ‘ಅದು ನಮ್ಮದಲ್ಲ, ಆ ತಂತ್ರಾಂಶ ಬೇರೆ’ ಅಂದಾಗ ತಲೆ ಕೆಡಬಾರದು ಅಂತ ಈ ಪಟ್ಟಿ.

- ಭೂಮಿ: ಪಹಣಿ, ಖಾತೆ ಬದಲಾವಣೆ, ಮ್ಯುಟೇಶನ್ ಪ್ರತಿ. ಕಂದಾಯ ಇಲಾಖೆ.
- ಮೋಜಿಣಿ: ಜಮೀನು ಅಳತೆ, 11ಇ ನಕ್ಷೆ, ಪೋಡಿ, ಹದ್ದುಬಸ್ತು ಅರ್ಜಿ. ಭೂಮಾಪನ ಇಲಾಖೆ.
- ಕಾವೇರಿ: ಕ್ರಯಪತ್ರ ನೋಂದಣಿ, ಋಣಭಾರ ಪತ್ರ (ಇಸಿ). ಸಬ್ ರಿಜಿಸ್ಟ್ರಾರ್ ಕಚೇರಿ. ಈಗಿರೋದು ಕಾವೇರಿ 2.0, 2023ರಲ್ಲಿ ಬಂದದ್ದು.
- ಇ-ಸ್ವತ್ತು: ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆ, ಸೈಟ್‌ನ ನಮೂನೆ 9, 11ಎ, 11ಬಿ.
- ಇ-ಆಸ್ತಿ: ಪುರಸಭೆ, ಪಟ್ಟಣ ಪಂಚಾಯಿತಿ, ನಗರಸಭೆ ವ್ಯಾಪ್ತಿಯ ಇ-ಖಾತೆ. 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತೆ ಬೇಕೇ ಬೇಕು ಅಂತ ಆದ ಮೇಲೆ ಇದರ ಓಡಾಟ ಜಾಸ್ತಿ ಆಗಿದೆ.
- ಫ್ರೂಟ್ಸ್: ರೈತರ ಗುರುತಿನ ಸಂಖ್ಯೆ, ಜನ ಎಫ್‌ಐಡಿ ಅಂತಾರೆ. ಸಬ್ಸಿಡಿ, ಬೆಳೆ ಪರಿಹಾರ, ಬೆಂಬಲ ಬೆಲೆಗೆ ಮಾರಾಟ – ಎಲ್ಲಕ್ಕೂ ಇದೇ ಕೇಳ್ತಾರೆ. ಎಲ್ಲ ಸರ್ವೆ ನಂಬರ್ ಇದರಲ್ಲಿ ಸೇರಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ಸಲ ನೋಡಿಸಿಕೊಳ್ಳಿ. ಸೇರದ ಜಮೀನಿಗೆ ಪರಿಹಾರ ಬರಲ್ಲ.
- ಕುಟುಂಬ: ರೇಷನ್ ಕಾರ್ಡ್ ಆಧಾರದ ಮೇಲೆ ಮನೆಯವರ ವಿವರ ಒಂದೇ ಕಡೆ ಇಡುವ ವ್ಯವಸ್ಥೆ. ಅನೇಕ ಯೋಜನೆಯ ಅರ್ಹತೆ ಇಲ್ಲಿಂದಲೇ ನೋಡ್ತಾರೆ. ಕಾರ್ಡ್‌ನಲ್ಲಿ ಹೆಸರು ತಪ್ಪಿದ್ರೆ ಬೇರೆ ಕಡೆಯೂ ತಪ್ಪೇ ಬರುತ್ತೆ.
- ಇ-ಜನ್ಮ: ಜನನ, ಮರಣ ಪತ್ರ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಲೈಸೆನ್ಸ್ ಇವುಗಳಿಗೆ ಹುಟ್ಟಿದ ದಿನ, ಸ್ಥಳ ತೋರಿಸೋಕೆ ಜನನ ಪತ್ರವೇ ಪುರಾವೆ. ಹೆಸರು, ಸ್ಪೆಲ್ಲಿಂಗ್ ಈಗಲೇ ಸರಿ ಮಾಡಿಸಿ.

ಇದರ ಜೊತೆಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ 2024ರಿಂದ ನಡೀತಿದೆ. ಗೆದ್ದಲು ಹಿಡಿದ ಮಂಜೂರಾತಿ ಕಡತ, ‘ಕಾಣೆಯಾದ’ ಕಡತ ಅನ್ನುವ ಹಳೇ ಕಥೆಗೆ ಇದು ಮದ್ದಾಗಬಹುದು.

ಸಕಾಲ: ಗಡಿಯಾರ ಓಡೋದು ಯಾವಾಗ?

ಈ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದ್ರೆ ಇದನ್ನು ಓದಿ.

2011ರ ಕಾಯ್ದೆ. 2012ರ ಮಾರ್ಚ್‌ನಲ್ಲಿ ಔರಾದ್, ಚಿತ್ರದುರ್ಗ, ಧಾರವಾಡ, ಪುತ್ತೂರು ಈ ನಾಲ್ಕು ತಾಲ್ಲೂಕಿನಲ್ಲಿ ಪ್ರಯೋಗ ಆಗಿ, ಏಪ್ರಿಲ್ 2ರಿಂದ ರಾಜ್ಯಕ್ಕೆಲ್ಲ ಬಂತು. ಮೊದಲು 11 ಇಲಾಖೆಯ 151 ಸೇವೆ ಇತ್ತು. ಈಗ ಸಾವಿರಕ್ಕೂ ಹೆಚ್ಚು.

ಕಾಯ್ದೆ ಹೇಳೋದು ಸರಳ. ಪ್ರತಿ ಸೇವೆಗೂ ಇಷ್ಟು ದಿನ ಅಂತ ಗಡುವು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಸಕಾಲ ಸಂಖ್ಯೆ ಕೊಡಬೇಕು, ಕೌಂಟರ್‌ನಲ್ಲಿ ಇದನ್ನು ಜಿಎಸ್‌ಸಿ ನಂಬರ್ ಅಂತಾರೆ. ಆ ಸಂಖ್ಯೆಯಿಂದ ಅರ್ಜಿ ಯಾರ ಟೇಬಲ್ ಮೇಲಿದೆ ಅಂತ ನೋಡಬಹುದು. ಗಡುವು ಮೀರಿದ್ರೆ, ಅಥವಾ ಅರ್ಜಿ ತಿರಸ್ಕಾರ ಆದ್ರೆ, ಮೇಲಿನ ‘ಸಕ್ಷಮ ಅಧಿಕಾರಿ’ಗೆ ಅಪೀಲು. ಅಲ್ಲೂ ಆಗದಿದ್ರೆ ‘ಮೇಲ್ಮನವಿ ಪ್ರಾಧಿಕಾರ’. ತಡ ಆದ ದಿನಕ್ಕೆ 20 ರೂಪಾಯಿಯಂತೆ, ಒಂದು ಅರ್ಜಿಗೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ. ಆ ಹಣ ತಡ ಮಾಡಿದ ನೌಕರನ ಸಂಬಳದಿಂದ ಹಿಡೀತಾರೆ.

500 ರೂಪಾಯಿ ಏನು ಮಹಾ ಅಂತ ಅನ್ನಿಸಬಹುದು. ದುಡ್ಡು ದೊಡ್ಡದಲ್ಲ, ಅದು ದಾಖಲಾಗೋದು ದೊಡ್ಡದು. ‘ನಿಮ್ಮ ಟೇಬಲ್‌ನಲ್ಲಿ ತಡ ಆಯ್ತು’ ಅಂತ ಬರಹದಲ್ಲಿ ಬರೋದನ್ನು ಯಾವ ನೌಕರನೂ ಬಯಸಲ್ಲ.

ಈಗ ಗಮನಿಸಿ. ಇಷ್ಟೆಲ್ಲ ರಕ್ಷಣೆ ಶುರುವಾಗೋದು ಅರ್ಜಿ ಒಳಗೆ ಹೋಗಿ ಸಂಖ್ಯೆ ಹುಟ್ಟಿದ ಮೇಲೆ. ‘ಸರ್ವರ್ ಇಲ್ಲ’ ಅಂತ ಅರ್ಜಿಯನ್ನೇ ಹಾಕದಿದ್ರೆ ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲದಿದ್ರೆ ಗಡುವು ಇಲ್ಲ. ಗಡುವು ಇಲ್ಲದಿದ್ರೆ ತಡವೂ ಇಲ್ಲ. ನೀವು ನಾಲ್ಕು ದಿನ ಅಲೆದು ಐದನೇ ದಿನ ಅರ್ಜಿ ಹಾಕಿದ್ರೆ ಕಂಪ್ಯೂಟರ್ ಪಾಲಿಗೆ ನೀವು ಬಂದದ್ದು ಐದನೇ ದಿನವೇ. ಆ ನಾಲ್ಕು ದಿನ ಯಾವ ಲೆಕ್ಕದಲ್ಲೂ ಇರಲ್ಲ. ‘ಅರ್ಜಿ ಸಕಾಲದಲ್ಲಿ ವಿಲೇವಾರಿ’ ಅಂತಲೇ ವರದಿ ಹೋಗುತ್ತೆ.

ಇನ್ನೊಂದು ಸಂದು ಇದೆ. ಗಡುವಿನ ಕೊನೆ ದಿನ ‘ದಾಖಲೆ ಸಾಲದು’ ಅಂತ ತಿರಸ್ಕಾರ ಮಾಡಿದ್ರೂ ಅದು ವಿಲೇವಾರಿಯೇ. ಅದಕ್ಕೇ ಅರ್ಜಿ ಕೊಡುವಾಗಲೇ ‘ಎಲ್ಲ ದಾಖಲೆ ಸರಿ ಇದೆಯಾ’ ಅಂತ ಕೇಳಿ, ಕೊಟ್ಟ ದಾಖಲೆಗಳ ಪಟ್ಟಿ ಸ್ವೀಕೃತಿಯಲ್ಲಿ ಬಂದಿದೆಯಾ ನೋಡಿಕೊಳ್ಳಿ. ತಿರಸ್ಕಾರಕ್ಕೆ ಕಾರಣವನ್ನು ಬರಹದಲ್ಲಿ ಕೊಡಲೇಬೇಕು.

ಸರ್ವರ್ ಡೌನ್ ಅಂದ್ರೆ ನೀವು ಮಾಡಬೇಕಾದ್ದು

1. ಯಾವ ತಂತ್ರಾಂಶ, ಎಷ್ಟು ಗಂಟೆಯಿಂದ ಇಲ್ಲ ಅಂತ ವಿನಯವಾಗಿ ಕೇಳಿ ಬರೆದುಕೊಳ್ಳಿ. ಕೌಂಟರ್‌ನಲ್ಲಿ ಕೂತ ಡೇಟಾ ಎಂಟ್ರಿ ಹುಡುಗ ಅಥವಾ ಹುಡುಗಿ ಮೇಲೆ ರೇಗಬೇಡಿ. ಸರ್ವರ್ ಅವರ ಕೈಯಲ್ಲಿಲ್ಲ. ಜನರ ಬೈಗುಳ ಮತ್ತು ಸಾಹೇಬರ ಬೈಗುಳ ಎರಡನ್ನೂ ತಿನ್ನೋರು ಅವರೇ.
2. ಕೊನೆ ದಿನಾಂಕ ಹತ್ತಿರ ಇದ್ದರೆ ಕಾಯಬೇಡಿ. ಅದೇ ಅರ್ಜಿಯನ್ನು ಬಿಳಿ ಹಾಳೆಯಲ್ಲಿ ಎರಡು ಪ್ರತಿ ಬರೆದು ಟಪಾಲು ವಿಭಾಗದಲ್ಲಿ ಕೊಡಿ. ‘ಇವತ್ತು ತಂತ್ರಾಂಶ ಕೆಲಸ ಮಾಡದ ಕಾರಣ ಲಿಖಿತವಾಗಿ ಸಲ್ಲಿಸುತ್ತಿದ್ದೇನೆ’ ಅಂತ ಒಂದು ಸಾಲು ಸೇರಿಸಿ. ನಿಮ್ಮ ಪ್ರತಿಗೆ ಸೀಲು, ದಿನಾಂಕ. ಇದರಿಂದ ಕೆಲಸ ಆಗೇ ಬಿಡುತ್ತೆ ಅಂತ ಅಲ್ಲ. ಆದ್ರೆ ನೀವು ಯಾವ ದಿನ ಬಂದಿದ್ರಿ ಅನ್ನೋದಕ್ಕೆ ಕೈಯಲ್ಲಿ ಸಾಕ್ಷಿ ಇರುತ್ತೆ. ಮುಂದೆ ಸ್ಕಾಲರ್‌ಶಿಪ್, ವಿಮೆ, ನೇಮಕಾತಿ ಯಾವುದಕ್ಕೆ ಮನವಿ ಮಾಡೋದಿದ್ರೂ ಇದು ಬೇಕು.
3. ಬೇರೆ ಬಾಗಿಲು ನೋಡಿ. ಒಂದೇ ಸೇವೆ ನಾಡಕಚೇರಿ, ಗ್ರಾಮ ಒನ್, ಮನೆಯ ಮೊಬೈಲ್ ಮೂರರಲ್ಲೂ ಸಿಗಬಹುದು. ಮೊದಲೇ ಪರಿಶೀಲನೆ ಆಗಿ ದತ್ತಾಂಶದಲ್ಲಿ ಸೇರಿರುವ ಜಾತಿ-ಆದಾಯ ಪ್ರಮಾಣಪತ್ರ ಕೂಡಲೇ ಮುದ್ರಿಸಿಕೊಡುವ ವ್ಯವಸ್ಥೆಯೂ ಇದೆ. ಹಳೇ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಇದ್ರೆ ತಗೊಂಡು ಹೋಗಿ.
4. 1902ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ.
5. ಪದೇ ಪದೇ ಹೀಗೇ ಆದ್ರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕೇಳಬೇಕಾದ್ದು ಇಷ್ಟೇ: ‘ಕಳೆದ ಆರು ತಿಂಗಳಲ್ಲಿ ಈ ಕಚೇರಿಯಲ್ಲಿ ಇಂಥ ತಂತ್ರಾಂಶ ಸ್ಥಗಿತಗೊಂಡ ದಿನಾಂಕ, ಸಮಯ ಮತ್ತು ಮೇಲಿನ ಕಚೇರಿಗೆ ವರದಿ ಮಾಡಿದ ಪತ್ರದ ನಕಲು.’ 30 ದಿನದೊಳಗೆ ಉತ್ತರ ಬರಬೇಕು.

ಕಂಪ್ಯೂಟರ್ ಪ್ರತಿಗೆ ಸೀಲು, ಸಹಿ ಬೇಕಾ?

ಬೇಡ. ನಾಡಕಚೇರಿ ಪ್ರಮಾಣಪತ್ರದಲ್ಲಿ ಡಿಜಿಟಲ್ ಸಹಿ ಇರುತ್ತೆ, ಆರ್‌ಡಿ ಸಂಖ್ಯೆ ಇರುತ್ತೆ. ಆ ಸಂಖ್ಯೆ ಹಾಕಿ ಯಾರು ಬೇಕಾದ್ರೂ ಅಸಲಿಯಾ ನಕಲಿಯಾ ನೋಡಬಹುದು. ಮೇಲೆ ಹೇಳಿದ 5ನೇ ಸೆಕ್ಷನ್ ಇದಕ್ಕೇ ಇರೋದು. ಡಿಜಿಲಾಕರ್‌ಗೆ ಸಂಬಂಧಪಟ್ಟ ಇಲಾಖೆಯೇ ಹಾಕಿದ ಡಿಎಲ್, ಆರ್‌ಸಿ, ಅಂಕಪಟ್ಟಿಗೂ ಅಸಲಿನ ಮಾನ್ಯತೆ ಅಂತ 2017ರಿಂದ ನಿಯಮ ಇದೆ. ಆದ್ರೆ ನೀವೇ ಫೋಟೋ ತೆಗೆದು ಡಿಜಿಲಾಕರ್‌ಗೆ ಹಾಕಿಕೊಂಡ ದಾಖಲೆಗೆ ಆ ಮಾನ್ಯತೆ ಇಲ್ಲ. ಈ ವ್ಯತ್ಯಾಸ ಗೊತ್ತಿರಲಿ.

ಆಧಾರ್: ಎಲ್ಲಿ ಕೊಡಬೇಕು, ಎಲ್ಲಿ ಬೇಡ

2018ರ ಸೆಪ್ಟೆಂಬರ್ 26ರ ಸುಪ್ರೀಂ ಕೋರ್ಟ್ ತೀರ್ಪಿನ ಸಾರ: ಸರ್ಕಾರದ ಹಣದಿಂದ ಬರುವ ಸಬ್ಸಿಡಿ, ಸವಲತ್ತಿಗೆ ಆಧಾರ್ ಕೇಳಬಹುದು, ಪ್ಯಾನ್ ಜೊತೆ ಜೋಡಿಸಬೇಕು. ಬ್ಯಾಂಕ್ ಖಾತೆ, ಮೊಬೈಲ್ ಸಿಮ್‌ಗೆ ಆಧಾರ್ ಕಡ್ಡಾಯ ಮಾಡುವ ಹಾಗಿಲ್ಲ. ಆಧಾರ್ ಇಲ್ಲ ಅಂತ ಮಕ್ಕಳಿಗೆ ಸವಲತ್ತು ತಪ್ಪಿಸುವ ಹಾಗಿಲ್ಲ.

ಬೆರಳಚ್ಚಿನ ವಿಷಯ. ಕಲ್ಲು ಹೊತ್ತು, ಬೀಡಿ ಕಟ್ಟಿ, ಗದ್ದೆ ಕೆಲಸ ಮಾಡಿ ಸವೆದ ಬೆರಳನ್ನು ಯಂತ್ರ ಓದಲ್ಲ. ವಯಸ್ಸಾದವರದ್ದೂ ಅಷ್ಟೇ. ಅಂಥವರಿಗೆ ರೇಷನ್ ತಪ್ಪಿಸಬಾರದು, ಬೇರೆ ದಾರಿಯಲ್ಲಿ ಗುರುತು ನೋಡಿ ಕೊಡಬೇಕು, ಅದನ್ನು ರಿಜಿಸ್ಟರ್‌ನಲ್ಲಿ ಬರೆಯಬೇಕು ಅಂತ ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ‘ಬೆರಳು ಹತ್ತಲ್ಲ, ಅಕ್ಕಿ ಇಲ್ಲ’ ಅನ್ನೋದು ನಿಯಮ ಅಲ್ಲ.

ಇನ್ನೊಂದು ಎಚ್ಚರ. 2023ರಲ್ಲಿ ಮಂಗಳೂರು ಸೇರಿದಂತೆ ರಾಜ್ಯದ ಕೆಲವು ಕಡೆ, ಆಸ್ತಿ ನೋಂದಣಿಗೆ ಬೆರಳಚ್ಚು ಕೊಟ್ಟವರ ಬ್ಯಾಂಕ್ ಖಾತೆಯಿಂದ ಆಧಾರ್ ಆಧಾರಿತ ಪಾವತಿ ಮೂಲಕ ಹಣ ಹೋದ ದೂರುಗಳು ಬಂದಿದ್ದವು. ಒಟಿಪಿ ಕೂಡ ಬೇಕಿರಲಿಲ್ಲ. ಅದಕ್ಕೆ ಎಂ-ಆಧಾರ್ ಆ್ಯಪ್‌ನಲ್ಲಿ ‘ಬಯೋಮೆಟ್ರಿಕ್ ಲಾಕ್’ ಹಾಕಿ, ಬೇಕಾದಾಗ ಮಾತ್ರ ತೆಗೆಯಿರಿ. ಗುರುತಿಗೆ ಬರೀ ಪ್ರತಿ ಕೇಳಿದ್ರೆ ಮೊದಲ ಎಂಟು ಅಂಕಿ ಮುಚ್ಚಿದ ‘ಮಾಸ್ಕ್ಡ್ ಆಧಾರ್’ ಕೊಡಿ. ಹಣ ಹೋದ್ರೆ ಕೂಡಲೇ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆ ಬಹಳ ಮುಖ್ಯ.

ಅಂಗಡಿಯವರಿಗೆ: ಸರ್ಕಾರ ನಿಮ್ಮ ಡೇಟಾ ನೋಡ್ತಿದೆ

ಕಂಪ್ಯೂಟರ್ ಆಡಳಿತ ಅಂದ್ರೆ ಅರ್ಜಿ ತಗೊಳ್ಳೋದು ಮಾತ್ರ ಅಲ್ಲ, ಇರುವ ಮಾಹಿತಿಯನ್ನು ಜೋಡಿಸಿ ನೋಡೋದು ಕೂಡ. 2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳಿಗೆ ಇದು ಬಿಸಿ ತಟ್ಟಿತು. 2021-22ರಿಂದ 2024-25ರವರೆಗಿನ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಕಾಂಡಿಮೆಂಟ್ಸ್, ಬೇಕರಿ, ತರಕಾರಿ ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ಹೋಗಿ ‘ನಗದು ಮಾತ್ರ’ ಬೋರ್ಡ್ ಬಂತು. ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿ ಮುಂದಕ್ಕೆ ತೆರಿಗೆ ಕಟ್ಟುವವರಿಂದ ಹಳೇ ಬಾಕಿ ವಸೂಲಿ ಮಾಡಲ್ಲ ಅಂದರು.

ತಿಳಿದಿರಬೇಕಾದ್ದು:

- ವರ್ಷದ ಒಟ್ಟು ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ದಾಟಿದ್ರೆ ಜಿಎಸ್‌ಟಿ ನೋಂದಣಿ ಬೇಕು. ಇದರಲ್ಲಿ ನಗದೂ ಸೇರುತ್ತೆ. ಕ್ಯೂಆರ್ ಕಿತ್ತರೆ ಲೆಕ್ಕ ಹೋಗಲ್ಲ.
- ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ನೋಟಿಸ್ ಬಂದ್ರೆ ಖರೀದಿ ಬಿಲ್ ಸಮೇತ ಉತ್ತರ ಕೊಡಿ, ಸುಮ್ಮನೆ ಇರಬೇಡಿ.
- ಮನೆಯ ಕೈಸಾಲ, ಚೀಟಿ ಹಣ, ಮಗ ಕಳಿಸಿದ ಹಣ ಎಲ್ಲ ಅಂಗಡಿಯ ಕ್ಯೂಆರ್‌ಗೇ ಬಂದ್ರೆ ಕಂಪ್ಯೂಟರ್ ಅದನ್ನೂ ವ್ಯಾಪಾರ ಅಂತಲೇ ಓದುತ್ತೆ. ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ ಇಟ್ಟುಕೊಳ್ಳಿ.

ಝೆರಾಕ್ಸ್, ಸೈಬರ್ ಅಂಗಡಿ ನಡೆಸುವ ಗೆಳೆಯರಿಗೂ ಒಂದು ಮಾತು. ಗಿರಾಕಿಯ ಆಧಾರ್, ಪಾಸ್‌ಬುಕ್ ಪ್ರತಿ ನಿಮ್ಮ ಡೆಸ್ಕ್‌ಟಾಪ್‌ನಲ್ಲಿ, ಅಂಗಡಿಯ ವಾಟ್ಸಾಪ್‌ನಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತೆ. ಕೆಲಸ ಮುಗಿದ ಕೂಡಲೇ ಅಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಹಂತ ಹಂತವಾಗಿ ಜಾರಿಯಾಗ್ತಿವೆ. ಕಾಯ್ದೆ ಬಿಡಿ, ನಂಬಿ ಬಂದ ಗಿರಾಕಿಯ ಮರ್ಯಾದೆ ನಮ್ಮ ಕೈಯಲ್ಲಿರುತ್ತೆ.

ನೀತಿಯಲ್ಲಿ ಇನ್ನೂ ಬರಬೇಕಾದ್ದೇನು?

25 ವರ್ಷದಲ್ಲಿ ಕೌಂಟರ್ ಹತ್ತಿರ ಬಂದಿದೆ, ಕಾಗದಕ್ಕೆ ಬೆಲೆ ನಿಗದಿ ಆಗಿದೆ, ಗಡುವು ಬಂದಿದೆ. ಇದನ್ನು ಇಲ್ಲ ಅನ್ನೋಕೆ ಆಗಲ್ಲ. ಆದ್ರೆ ಯಂತ್ರ ನಿಂತಾಗ ನಷ್ಟ ಯಾರದು ಅನ್ನುವ ಪ್ರಶ್ನೆ ಬಂದಾಗ ಅದು ಇವತ್ತಿಗೂ ಕೌಂಟರ್ ಹೊರಗೆ ನಿಂತವರ ಜೇಬಿನಿಂದಲೇ ಹೋಗ್ತಿದೆ.

ಇದಕ್ಕೆ ದೊಡ್ಡ ಬಜೆಟ್ ಏನೂ ಬೇಡ. ಸರ್ವರ್ ನಿಂತ ದಿನ ಅರ್ಜಿಯನ್ನು ಕಾಗದದಲ್ಲಿ ತಗೊಂಡು, ಅದೇ ದಿನಾಂಕಕ್ಕೆ ಸಕಾಲ ಸಂಖ್ಯೆ ಕೊಡುವ ಒಂದು ಆದೇಶ. ಪ್ರತಿ ಕಚೇರಿಯ ಗೋಡೆ ಮೇಲೆ ‘ಈ ತಿಂಗಳು ತಂತ್ರಾಂಶ ನಿಂತ ಗಂಟೆಗಳು’ ಅಂತ ಒಂದು ಬೋರ್ಡ್. ಸರ್ಕಾರದ ಕಡೆಯಿಂದಲೇ ಸರ್ವರ್ ನಿಂತಿದ್ದರೆ ಅಷ್ಟೂ ದಿನ ಅರ್ಜಿಯ ಕೊನೆ ದಿನಾಂಕ ತಾನಾಗೇ ಮುಂದೆ ಹೋಗುವ ನಿಯಮ. ಭೂಮಿ ಯೋಜನೆಯಲ್ಲಿ ರೈತರ ಕಡೆಗೆ ತಿರುಗಿಸಿಟ್ಟ ಆ ಎರಡನೇ ಪರದೆಯ ಉದ್ದೇಶವೂ ಇದೇ ಆಗಿತ್ತು: ಒಳಗೆ ನಡೆಯೋದು ಹೊರಗೆ ನಿಂತವರಿಗೂ ಕಾಣಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರೋದು ಎರಡು: ಸ್ವೀಕೃತಿ ಮತ್ತು ಹಿಂಬರಹ. ಎರಡರಲ್ಲಿ ಒಂದಾದ್ರೂ ಕೈಗೆ ಬರದೆ ಕಚೇರಿ ಮೆಟ್ಟಿಲು ಇಳಿಯಬೇಡಿ. ನಿಮ್ಮ ಹೋಬಳಿಯಲ್ಲಿ ಯಾವ ಸೇವೆ ಎಷ್ಟು ದಿನದಿಂದ ನಿಂತಿದೆ ಅಂತ ದಿನಾಂಕ ಸಮೇತ ನಮಗೆ ಬರೆದು ಕಳಿಸಿ. ಸಂಬಂಧಪಟ್ಟ ಅಧಿಕಾರಿಗಳ ಉತ್ತರದ ಜೊತೆ ಪ್ರಕಟಿಸುತ್ತೇವೆ.